ಅಮೆರಿಕದಿಂದ ಬಂದ ಅಕ್ಕ

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಿದೆ. ನಮ್ಮ ಸಾಗರದ ಬಣ್ಣದವರು ಬರುತ್ತೇವೆಂದ ದಿನ ಬರುವುದಿಲ್ಲ. ಇನ್ನು ಬರುವುದಿಲ್ಲ ಎಂದುಕೊಂಡು ನಾವು ನೆಂಟರ ಮನೆಗೆ ಹೊರಟ ದಿನ ಬೆಳಿಗ್ಗೆ ಏಳಕ್ಕೇ ಏಣಿ ಹೊತ್ತು ಬಾಗಿಲಲ್ಲಿ ನಿಂತಿರುತ್ತಾರೆ. ಕಳಿಸಿದರೆ ಮತ್ತೆ ಸಿಗುವುದಿಲ್ಲವೆಂಬ ಹೆದರಿಕೆಯಿಂದ ಗಡಿಬಿಡಿಯಲ್ಲಿ ಗೋಡೆಯ ಮೇಲಿನ ಫೋಟೋ ಕಟ್ಟುಗಳನ್ನೆಲ್ಲ ಇಳಿಸಿ ಮಂಚದ ಮೇಲೆ ಹಾಕಿದೆ. ದೇವರು, ಅಪ್ಪ, ನಾನು ನಿವೃತ್ತಳಾದ ದಿನ ಶಾಲೆಯವರು ಕೊಟ್ಟ ನನ್ನದೇ ದೊಡ್ಡ ಫೋಟೋ (ಅದನ್ನು ಯಾಕೆ ಕೊಡುತ್ತಾರೋ, ಹಾರ ಹಾಕುವುದೊಂದು ಬಾಕಿ), ಕೊನೆಗೆ ಅಕ್ಕ. ಅಕ್ಕನ ಕಟ್ಟು ಕೈಗೆ ಹಗುರವೆನಿಸಿತು. ತಿರುಗಿಸಿ ನೋಡಿದರೆ ಮಣ್ಣಿನ ಗೆರೆ. ಗೆದ್ದಲು ಗೋಡೆಯಿಂದ ಹತ್ತಿ, ಹಿಂದಿನ ರಟ್ಟು ತಿಂದು, ಚಿತ್ರದ ಹುಡುಗಿಯನ್ನು ಕುತ್ತಿಗೆಯಿಂದ ಮೇಲೆ ತಿಂದು ಮುಗಿಸಿತ್ತು. ಫ್ರಾಕು ಉಳಿದಿತ್ತು, ಬರಿಗಾಲು ಎರಡೂ ಉಳಿದಿದ್ದವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ಮನೆ ಮರುಗುತ್ತೀರಿ. ಚಿತ್ರದಲ್ಲಿದ್ದ ಹುಡುಗಿ ನನ್ನ ಅಕ್ಕ ಅಲ್ಲ. ಅಮೆರಿಕದವಳು. ಅಲ್ಲಿ ಬರಗಾಲ ಬಿದ್ದ ವರ್ಷಗಳಲ್ಲಿ ಯಾವುದೋ ಹಳ್ಳಿಯ ಮನೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವಳು. ಅವಳು ಐವತ್ತು ವರ್ಷಗಳ ಮೇಲೆ ನಮ್ಮ ಮನೆಯ ಗೋಡೆಯಲ್ಲಿ ಶಾರದೆಯಾಗಿ ಇದ್ದಳು. ಶಾರದೆ ನನ್ನ ಅಕ್ಕನ ಹೆಸರು.

ಇದು ಹೇಗಾಯಿತೆಂದರೆ, ಎಲ್ಲ ಅಪ್ಪನ ಪೋಸ್ಟ್‌ಕಾರ್ಡಿನ ಚಟದಿಂದ ಆದದ್ದು. ಅಪ್ಪ ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು. ಶಾಲೆಯ ಹಿಂದಿನ ಎರಡು ಕೋಣೆ ನಮ್ಮ ಮನೆ. ಅಡಿಕೆ ತೋಟವಿಲ್ಲದ ಹವ್ಯಕನೆಂದರೆ ಆಗ ನೆಂಟರ ಮನೆಯಲ್ಲಿ ಊಟದ ಎಲೆ ಹಾಕುವ ಸಾಲೇ ಬೇರೆ. ಆ ಕೊರತೆಯನ್ನು ಅಪ್ಪ ಅಂಚೆಯಿಂದ ತುಂಬಿಕೊಂಡಿದ್ದ. ಪುಕ್ಕಟೆ ಕಳಿಸುತ್ತೇವೆ ಎಂದು ಎಲ್ಲಾದರೂ ಅಚ್ಚಾಗಿದ್ದರೆ ಸಾಕು, ಒಂದು ಕಾರ್ಡು ಗೀಚಿ ಹಾಕುತ್ತಿದ್ದ. ಬೀಜದ ಕಂಪನಿಯ ಪಟ್ಟಿ ಬರುತ್ತಿತ್ತು. ಟ್ರ್ಯಾಕ್ಟರಿನ ಚಿತ್ರಪುಸ್ತಕ ಬರುತ್ತಿತ್ತು, ನಮ್ಮಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಏಸುವಿನ ಪಾಠಗಳು ಬಂದಾಗ ಅಜ್ಜಿ ದೇವರ ಪುಸ್ತಕವೆಂದು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನ ಪಕ್ಕ ಇಟ್ಟಳು. ಹಾಗೆ ಒಂದು ಕಾರ್ಡಿಗೆ ಉತ್ತರವಾಗಿ ಬರತೊಡಗಿದ್ದು ಅಮೆರಿಕದವರ ಒಂದು ಮಾಸಪತ್ರಿಕೆ. ಅಷ್ಟಗಲದ ಹಾಳೆ, ಮುಟ್ಟಿದರೆ ಜಾರುವ ನುಣುಪು, ಪುಟ ತುಂಬ ಚಿತ್ರ. ಇಂಗ್ಲಿಷನ್ನು ಅಪ್ಪ ಬಿಟ್ಟರೆ ಯಾರೂ ಓದುತ್ತಿರಲಿಲ್ಲ. ಅಪ್ಪನೂ ಓದುತ್ತಿದ್ದನೋ ಅಥವಾ ನಾವು ನೋಡುವಾಗ ಮಾತ್ರ ಓದುತ್ತಿದ್ದನೋ ಈಗ ಹೇಳುವವರಿಲ್ಲ.

ಆ ಪತ್ರಿಕೆಯ ನಿಜವಾದ ಉಪಯೋಗ ಜೂನ್ ತಿಂಗಳಲ್ಲಿ. ಪುಸ್ತಕಕ್ಕೆ ಬೈಂಡು ಹಾಕಲು ಅದರಂಥ ಕಾಗದ ಇನ್ನೊಂದಿರಲಿಲ್ಲ. ಉಳಿದ ಮಕ್ಕಳ ದಿನಪತ್ರಿಕೆಯ ಬೈಂಡು ಮೊದಲ ಮಳೆಗೇ ಮುದ್ದೆಯಾದರೆ ನಮ್ಮದರ ಮೇಲೆ ನೀರು ಮುತ್ತುಮುತ್ತಾಗಿ ಉರುಳಿ ಹೋಗುತ್ತಿತ್ತು. ಬೈಂಡು ಹಾಕುವ ಕೆಲಸ ಅಕ್ಕನದು. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಅನ್ನ ಅರೆದು ಅಂಟು ಮಾಡಿ, ಮೂಲೆ ಮಡಚಿ, ಯಾವ ಚಿತ್ರ ಯಾವ ಪುಸ್ತಕಕ್ಕೆ ಎಂದು ಅವಳೇ ತೀರ್ಮಾನ ಮಾಡುತ್ತಿದ್ದಳು. ಹೀಗೆ ಅಮೆರಿಕದ ಇತಿಹಾಸ ನನಗೆ ಪಾಠದ ಮೂಲಕ ಬರಲಿಲ್ಲ, ರಟ್ಟಿನ ಮೂಲಕ ಬಂತು. ಗುಲಾಮರನ್ನು ಬಿಡಿಸಿದ ಗಡ್ಡದ ಅಧ್ಯಕ್ಷ ನನ್ನ ಗಣಿತ. ತೆರೆದ ಕಾರಿನಲ್ಲಿ ನಗುತ್ತ ಹೋಗುವ ಅಧ್ಯಕ್ಷ ಕನ್ನಡ. ಆ ನಗು ಮುಗಿಯುವುದರೊಳಗೆ ಗುಂಡು ಬಿತ್ತೆಂದು ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ. ಆಕಾಶದಲ್ಲಿ ಕಬ್ಬಿಣದ ತೊಲೆಯ ಮೇಲೆ ಸಾಲಾಗಿ ಕೂತು ಬುತ್ತಿ ಉಣ್ಣುವ ಕೂಲಿಗಳು ಅಕ್ಕನ ಭೂಗೋಳ. ಮುಂದೆ ನಾನೇ ಸಮಾಜ ವಿಷಯದ ಮೇಡಂ ಆಗಿ ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದೆ. ಅಮೆರಿಕದ ಅಂತರ್ಯುದ್ಧದ ಪಾಠಕ್ಕೆ ಬಂದು ಆ ಗಡ್ಡದ ಮುಖ ಕಂಡಾಗಲೆಲ್ಲ ನನ್ನ ಬಾಯಿಗೆ ಬರುತ್ತಿದ್ದದ್ದು ಎರಡರ ಮಗ್ಗಿ.

ಈಗ ಅಜ್ಜಿಗಿದ್ದ ಫೋಟೋದ ಹೆದರಿಕೆಯ ವಿಷಯ ಹೇಳಬೇಕು. ಅಜ್ಜಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಮಕ್ಕಳ ಫೋಟೋ ತೆಗೆದರೆ ಆಯಸ್ಸು ಕಮ್ಮಿಯಾಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ಅವಳೊಬ್ಬಳದೇ ಅಲ್ಲ, ಆಗ ಬಹಳ ಜನ ಹಾಗೆ ಹೇಳುತ್ತಿದ್ದರು. ಒಮ್ಮೆ ಶಾಲೆಯ ಹೆಡ್‌ಮಾಸ್ತರಿಗೆ ವರ್ಗವಾಗಿ ಬೀಳ್ಕೊಡುಗೆ ಇಟ್ಟುಕೊಂಡರು. ಸಾಗರದಿಂದ ಸ್ಟುಡಿಯೋದವನು ಮೂರು ಕಾಲಿನ ಕ್ಯಾಮರಾ ಹಿಡಿದು ಬಸ್ಸಿನಲ್ಲಿ ಬಂದ. ನನಗೆ ಅಂದು ಕೆಪ್ಪಟ್ಟೆ, ಗಲ್ಲ ಬಾತು ಮನೆಯಲ್ಲಿದ್ದೆ. ಅಕ್ಕ ಹೊರಡುವಾಗ ಅಜ್ಜಿ ಅವಳ ಕೈ ಹಿಡಿದು, ಫೋಟೋದವನು ಬಟ್ಟೆಯೊಳಗೆ ತಲೆ ಹಾಕಿದ ಕೂಡಲೇ ಕೂತುಬಿಡಬೇಕೆಂದು ಹೇಳಿ ಕಳಿಸಿದಳು. ಅಕ್ಕ ಹೇಳಿದ್ದನ್ನು ಕೇಳುವ ಮಗು. ಹಾಗೇ ಮಾಡಿದಳು. ಅಪ್ಪ ತಂದ ಫೋಟೋದಲ್ಲಿ ಎರಡನೆಯ ಸಾಲಿನಲ್ಲಿ ಇಬ್ಬರು ಹುಡುಗಿಯರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಹಿಂದಿನ ಗೋಡೆಯ ಸುಣ್ಣ ಕಾಣುತ್ತಿತ್ತು. ನಾವೆಲ್ಲ ನೋಡಿ ನಕ್ಕೆವು. ಅಜ್ಜಿ ಮಾತ್ರ ನಗಲಿಲ್ಲ, ಒಳ್ಳೆಯ ಕೆಲಸ ಮಾಡಿದೆ ಎಂದು ಅಕ್ಕನ ತಲೆ ಸವರಿದಳು.

ಅದಾಗಿ ಎರಡು ತಿಂಗಳಿಗೆ ಬೇಸಿಗೆ. ಆ ವರ್ಷ ಗುಡ್ಡದಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಮ್ಮದೊಂದು ಹಸು ಇತ್ತು, ಅದರ ಕೊಟ್ಟಿಗೆಗೆ ಹಾಸಲು ಒಣ ಎಲೆ ಬೇಕು. ಅಕ್ಕ ಊರಿನ ಮಕ್ಕಳ ಜೊತೆ ಗುಡ್ಡಕ್ಕೆ ಎಲೆ ಗುಡಿಸಲು ಹೋಗಿ ಬಂದಳು. ರಾತ್ರಿ ಅಮ್ಮ ಅವಳ ಕಿವಿಯ ಹಿಂದಿನಿಂದ ಎರಡು ಉಣುಗು ಕಿತ್ತು ಒಲೆಗೆ ಹಾಕಿದ್ದು ನನಗೆ ನೆನಪಿದೆ. ದನದ ಮೈಯ ಹಾಗೆ ಮಕ್ಕಳ ಮೈಗೂ ಉಣುಗು ಹತ್ತುವುದು ನಮ್ಮಲ್ಲಿ ದೊಡ್ಡ ವಿಷಯವಲ್ಲ. ವಾರ ಕಳೆಯುವುದರೊಳಗೆ ಜ್ವರ. ಕಣ್ಣು ಕೆಂಡವಾಯಿತು, ಮೈಕೈ ನೋವೆಂದು ಹೊರಳಾಡಿದಳು, ಒಂದು ಬೆಳಿಗ್ಗೆ ಒಸಡಿನಲ್ಲಿ ರಕ್ತ ಕಂಡಿತು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. ಸೌದೆ ಸಾಗಿಸುವ ಲಾರಿಯಲ್ಲಿ ಅಪ್ಪ ಅಮ್ಮ ಅವಳನ್ನು ಸಾಗರದ ಆಸ್ಪತ್ರೆಗೆ ಕರೆದೊಯ್ದರು. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ನಾಲ್ಕು ದಿನ ಬಿಟ್ಟು ಬಸ್ಸಿನಿಂದ ಇಳಿಯುವಾಗ ಅವರು ಇಬ್ಬರೇ ಇದ್ದರು. ಸಂಸ್ಕಾರ ಅಲ್ಲೇ ಮುಗಿಸಿಬಿಡಿ ಎಂದು ಆಸ್ಪತ್ರೆಯವರೇ ಹೇಳಿದ್ದರಂತೆ. ಎಲ್ಲ ಮುಗಿಸಿ, ಹೊಳೆ ಹುಟ್ಟುವ ವರದಮೂಲದ ತೀರ್ಥದಲ್ಲಿ ಮುಳುಗಿ ಬಂದಿದ್ದರು.

ಅಮ್ಮ ಅಳುವುದನ್ನು ನಾನು ನೋಡಲಿಲ್ಲ. ಅವಳು ಪೆಟ್ಟಿಗೆಯಿಂದ ಶಾಲೆಯ ಫೋಟೋ ತೆಗೆದು ಎರಡನೆಯ ಸಾಲು ನೋಡಿದಳು. ಅಲ್ಲಿ ಸುಣ್ಣ ಬಿಟ್ಟರೆ ಏನಿಲ್ಲ. ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಅಮ್ಮ ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲ. ಆ ದಿನವೂ ಅನ್ನಲಿಲ್ಲ, ಅಜ್ಜಿ ಸಾಯುವ ತನಕವೂ ಅನ್ನಲಿಲ್ಲ. ಬೈದಿದ್ದರೆ ಅಜ್ಜಿಗೆ ಸುಖವಾಗುತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ.

ಜೂನ್ ಬಂತು. ನನ್ನ ಪುಸ್ತಕಕ್ಕೆ ಬೈಂಡು ಹಾಕಲು ಯಾರೂ ಇಲ್ಲದೆ ಅಪ್ಪ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತ. ಹಾಳೆ ಹರಿಯುತ್ತ ಬಂದವನು ಒಂದನ್ನು ನನ್ನ ಕನ್ನಡ ಪುಸ್ತಕಕ್ಕೆ ಸರಿಹೊಂದಿಸಿ ಮಡಚುತ್ತಿದ್ದ. ಅಮ್ಮ ಹಿಂದಿನಿಂದ ಬಂದು ಆ ಹಾಳೆ ತೆಗೆದುಕೊಂಡಳು. ಮೆಟ್ಟಿಲ ಮೇಲೆ ನಿಂತ ಹುಡುಗಿ, ಎರಡು ಜಡೆ, ತೇಪೆ ಹಾಕಿದ ಫ್ರಾಕು. ಕಪ್ಪು ಬಿಳುಪಿನಲ್ಲಿ ಅವರ ಬಣ್ಣವೂ ನಮ್ಮ ಬಣ್ಣವೂ ಹೆಚ್ಚುಕಮ್ಮಿ ಒಂದೇ. ಅಮ್ಮ ತುಂಬ ಹೊತ್ತು ನೋಡಿ, "ಇದೊಂದು ಬೈಂಡು ಹಾಕದು ಬ್ಯಾಡ" ಎಂದಳು. ಅಪ್ಪ ಪುಸ್ತಕಕ್ಕೆ ಬೇರೆ ಹಾಳೆ ಹುಡುಕಿಕೊಂಡ. ಮುಂದಿನ ಭಾನುವಾರ ಅಮ್ಮ ತೆಗೆದಿಟ್ಟ ಹಾಳೆಯನ್ನು ಸಾಗರಕ್ಕೆ ಒಯ್ದು ಕಟ್ಟು ಹಾಕಿಸಿಕೊಂಡು ಬಂದ. ಇದು ಯಾರೆಂದು ಕಟ್ಟು ಹಾಕುವವನು ಕೇಳಿದನಂತೆ. ಅಪ್ಪ ಮಗಳು ಎಂದನಂತೆ. ಹಾಳೆಯ ಹಿಂದೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲುಗಳನ್ನು ಅವನು ನೋಡಿದನೋ ಇಲ್ಲವೋ, ರಟ್ಟು ಮುಚ್ಚಿ ಮೊಳೆ ಹೊಡೆದನಂತೆ. ಮನೆಗೆ ಬಂದ ಕಟ್ಟಿನ ಗಾಜಿಗೆ ಮೊದಲು ಕುಂಕುಮ ಹಚ್ಚಿದವಳು ಅಜ್ಜಿ.

ಗೋಡೆಯ ಮೇಲೆ ಹೋದದ್ದು ಬೇಗ ನಿಜವಾಗುತ್ತದೆ. ವರ್ಷ ಎರಡು ವರ್ಷದಲ್ಲಿ ಬಂದ ನೆಂಟರು ಮೂಗು ತಾಯಿಯದ್ದು, ಹಣೆ ಮಾಸ್ತರದ್ದು ಎಂದು ಹಂಚಿಕೊಟ್ಟರು. ಅರಳಸುರಳಿಯಿಂದ ಬಂದ ಒಬ್ಬ ದೊಡ್ಡಮ್ಮ ಆ ಫ್ರಾಕು ತಾನೇ ಹೊಲಿಸಿಕೊಟ್ಟದ್ದೆಂದು ಕಣ್ಣೊರೆಸಿಕೊಂಡಳು. ನಾವು ಯಾರೂ ಅಲ್ಲಗಳೆಯಲಿಲ್ಲ. ಒಮ್ಮೆ ಸುಮ್ಮನಿದ್ದ ಮೇಲೆ ಮತ್ತೆ ಬಾಯಿ ತೆರೆಯುವುದು ಕಷ್ಟ.

ಬಾಯಿ ತೆರೆದವಳು ನಾನು, ಅದೂ ತೆರೆಯಬಾರದ ರೀತಿಯಲ್ಲಿ. ಆಗ ನಾವು ಸಾಗರಕ್ಕೆ ಬಂದಿದ್ದೆವು. ನಾನು ಪಿಯುಸಿ, ತಲೆಯಲ್ಲಿ ಗಾಳಿ. ತೀರ್ಥಹಳ್ಳಿಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಗೆಳತಿಯೊಬ್ಬಳು ಮನೆಗೆ ಬಂದಳು. ಗೋಡೆ ನೋಡಿ ಯಾರೆಂದಳು. ಅಕ್ಕ, ತೀರಿಕೊಂಡಳು ಎಂದೆ. ಅವಳು ಮುಖ ಹತ್ತಿರ ಒಯ್ದು ನೋಡಿ, ತಮ್ಮ ಮನೆಗೂ ಆ ಪತ್ರಿಕೆ ಬರುತ್ತಿತ್ತು, ಈ ಹುಡುಗಿ ತನ್ನ ನಾಲ್ಕನೇ ಕ್ಲಾಸಿನ ವಿಜ್ಞಾನ ಪುಸ್ತಕದ ಬೈಂಡಿನ ಮೇಲಿದ್ದಳು ಎಂದಳು. ನಗಲಿಲ್ಲ ಪುಣ್ಯಾತ್ಗಿತ್ತಿ. ನಕ್ಕಿದ್ದರೆ ನಾನೂ ನಗಬಹುದಿತ್ತು. ಅವಳು ಹೋದ ಮೇಲೆ ನಾನು ಅಡಿಗೆ ಮನೆಗೆ ನುಗ್ಗಿ, "ಅದು ಅಮೆರಿಕದ ಕೂಸು ಅಮ್ಮಾ, ನಮ್ಮ ಅಕ್ಕ ಅಲ್ಲ. ಎಷ್ಟು ದಿನ ಹಿಂಗೆ ಸುಳ್ಳು ಹೇಳ್ತೆ?" ಎಂದು ಕೂಗಿದೆ. ಅಮ್ಮ ದೋಸೆ ಮಗುಚುತ್ತಿದ್ದಳು. ಮಗುಚಿದಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಗಾಜು ಒರೆಸಿ ಮತ್ತೆ ಕುಂಕುಮ ಇಟ್ಟಳು. ಆ ಮಾತಿಗೆ ನಾನು ಇವತ್ತಿನವರೆಗೆ ಕ್ಷಮೆ ಕೇಳಿಲ್ಲ, ನಾಚಿಕೆಯಾಗುತ್ತದೆ.

ನಮ್ಮ ಮನೆಮಾತಿನ ಒಂದು ಗುಣವನ್ನು ಇಲ್ಲಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮಲ್ಲಿ ಹೆಂಗಸರಿಗೆ 'ಅವಳು' ಇಲ್ಲ, 'ಅದು'. ಅಕ್ಕ ಬಂತು, ಅತ್ತೆ ಹೋತು. ಬಿ.ಎಡ್. ಓದಲು ಹೋದಾಗ ಮೈಸೂರಿನ ಕಡೆಯವರು ನನ್ನನ್ನು ಆಡಿಸಿದ್ದೇ ಆಡಿಸಿದ್ದು. ನಿಮ್ಮಲ್ಲಿ ಹೆಂಗಸರನ್ನೂ ಬೆಂಚನ್ನೂ ಒಂದೇ ಮಾಡಿದ್ದೀರಲ್ಲ ಎಂದು. ನಾನು ಅದು ಪ್ರೀತಿಯ ಮಾತು ಎಂದು ವಾದಿಸುತ್ತಿದ್ದೆ. ಹೆಚ್ಚಿನ ಸಾಕ್ಷಿ ಇರಲಿಲ್ಲ. ಅದರಿಂದ ಆದದ್ದೇನೆಂದರೆ, ಅಮ್ಮ ಬೆಳಿಗ್ಗೆ ಎದ್ದು "ಅದಕ್ಕೊಂದು ಹೂವಿಡು" ಎಂದರೆ ಅಕ್ಕನಿಗೋ, ಫೋಟೋಕ್ಕೋ, ಫೋಟೋದಲ್ಲಿದ್ದ ಅಮೆರಿಕದವಳಿಗೋ ಎಂದು ಕೇಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೂವರಿಗೂ ಒಂದೇ ಪದ ಸಾಕಾಗುತ್ತಿತ್ತು. ನಾನು ಶಾಲೆಯಲ್ಲಿ ಅವಳು ಇವಳು ಎಂದು ಪುಸ್ತಕದ ಕನ್ನಡದಲ್ಲಿ ಪಾಠ ಮಾಡಿ ಬಂದು ಮನೆಯಲ್ಲಿ ಅದಕ್ಕೆ ಹೂವಿಡುತ್ತಿದ್ದೆ.

ಅಮ್ಮನಿಗೆ ಈಗ ತೊಂಬತ್ತು ದಾಟಿದೆ. ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ನನಗಿಂತ ಚೆನ್ನಾಗಿದೆ, ಕಣ್ಣಿನ ಪೊರೆ ತೆಗೆಸಿದ ಮೇಲಂತೂ ನನ್ನ ಸೀರೆಯ ಕಲೆಯನ್ನು ಆ ಮೂಲೆಯಿಂದ ಕಂಡುಹಿಡಿಯುತ್ತಾಳೆ. ಗೆದ್ದಲು ತಿಂದದ್ದನ್ನು ಮುಚ್ಚಿಡಲು ಆಗಲಿಲ್ಲ. ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, "ಅದರ ಮುಖ ಹೋಯ್ದಲೇ" ಎಂದಳು. ಅಂಚಿನ ಮಣ್ಣನ್ನು ಬೆರಳಿನಿಂದ ಕೆರೆದು, "ನಾ ಬದುಕಿಪ್ಪಾಗ್ಲೇ ಸರಿ ಮಾಡ್ಸಿ ಕೊಡು" ಎಂದಳು. ಅಮ್ಮ ನನ್ನ ಹತ್ತಿರ ಏನನ್ನೂ ಕೇಳುವವಳಲ್ಲ. ಔಷಧಿ ಮುಗಿದರೂ ಹೇಳುವುದಿಲ್ಲ. ಆದ್ದರಿಂದ ಇದನ್ನು ಮಾಡಿಕೊಡಲೇಬೇಕೆಂದು ಗಟ್ಟಿ ಮಾಡಿಕೊಂಡೆ.

ಪೇಟೆಯ ಸ್ಟುಡಿಯೋಕ್ಕೆ ಹೋದೆ. ಹುರುಪಿನ ಮನುಷ್ಯ, ಮೊದಲು ನೆಗೆಟಿವ್ ಕೇಳಿದ, ಆಮೇಲೆ ಬೇರೆ ಫೋಟೋ ಕೇಳಿದ. ಯಾವುದೂ ಇಲ್ಲವೆಂದೆ. ಹಾಗಾದರೆ ನಿಮ್ಮದೊಂದು, ನಿಮ್ಮ ತಾಯಿಯದೊಂದು ಫೋಟೋ ಕೊಡಿ ಮೇಡಂ, ಈಗ ಕಂಪ್ಯೂಟರೇ ಎರಡನ್ನೂ ಸೇರಿಸಿ ಮುಖ ಮಾಡುತ್ತದೆ ಎಂದ. ಅಮೆರಿಕದ ಹುಡುಗಿಯ ಕುತ್ತಿಗೆಯ ಮೇಲೆ ನನ್ನ ಮುಖ ಕೂರಿಸುವ ವಿಚಾರ ಕೇಳಿ ಕಟ್ಟನ್ನು ಚೀಲಕ್ಕೆ ಹಾಕಿಕೊಂಡೆ. ಎದ್ದು ಬಂದೆ. ಕೊನೆಗೆ ದಾರಿ ತೋರಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇಲ್ಲೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಅಮೆರಿಕದವರು ತಮ್ಮ ಹಳೆಯ ಫೋಟೋಗಳನ್ನೆಲ್ಲ ಸರ್ಕಾರದ ದಫ್ತರದಿಂದ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ್ದಾರೆ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದುಕೊಟ್ಟು ಹೋದಳು. ಪುಕ್ಕಟೆ ಎಂಬ ಪದ ಕೇಳಲು ಅಪ್ಪ ಇರಬೇಕಿತ್ತು.

ಮೂರು ದಿನ ಹುಡುಕಿದೆ. ಮೊದಲ ದಿನ ಹಳೆಯ ಸಹಪಾಠಿಗಳು ಸಿಕ್ಕ ಹಾಗೆ ನನ್ನ ಪುಸ್ತಕಗಳ ಬೈಂಡುಗಳೆಲ್ಲ ಸಿಕ್ಕವು. ಗಣಿತ ಸಿಕ್ಕಿತು, ಕನ್ನಡ ಸಿಕ್ಕಿತು. ಎರಡನೆಯ ದಿನದಿಂದ ಆ ಪತ್ರಿಕೆಯವರು ನಮಗೆ ಕಳಿಸದೆ ಇದ್ದ ಚಿತ್ರಗಳು ಬರತೊಡಗಿದವು. ಗುಲಾಮನೊಬ್ಬನ ಬೆನ್ನು, ಚಾವಟಿಯ ಗಾಯ ಮಾಗಿ ಬಳ್ಳಿಯಾಗಿ ಎದ್ದದ್ದು. ಗಡ್ಡದ ಅಧ್ಯಕ್ಷನ ಯುದ್ಧದಲ್ಲಿ ಬೇಲಿಯುದ್ದಕ್ಕೂ ಬಿದ್ದ ಹೆಣಗಳು, ಬಾಯಿ ತೆರೆದಂತೆಯೇ. ಮರಕ್ಕೆ ನೇತುಹಾಕಿದ ಕಪ್ಪು ಮನುಷ್ಯನೊಬ್ಬ, ಅವನ ಕೆಳಗೆ ಹ್ಯಾಟು ಹಾಕಿ ಕ್ಯಾಮರಾಕ್ಕೆ ನಗುತ್ತ ನಿಂತ ಜನ, ಅವರ ನಡುವೆ ನನ್ನ ಹೈಸ್ಕೂಲಿನ ಮಕ್ಕಳ ವಯಸ್ಸಿನ ಹುಡುಗಿಯರು. ಇಷ್ಟು ವರ್ಷ ಆ ದೇಶದ ಇತಿಹಾಸವನ್ನು ಐದು ಅಂಕದ ಪ್ರಶ್ನೆ ಮಾಡಿ ಪಾಠ ಮಾಡಿದವಳು ನಾನು. ಲ್ಯಾಪ್‌ಟಾಪು ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ. ಇದನ್ನೆಲ್ಲ ಇಟ್ಟುಕೊಂಡಿದ್ದಾರಲ್ಲ ಎಂದು ಸಿಟ್ಟೂ ಬಂತು. ಯಾರೂ ತಲೆ ತಗ್ಗಿಸಿ ಕೂತುಬಿಡದೆ ಎಲ್ಲರೂ ಫೋಟೋದಲ್ಲಿ ಉಳಿದಿದ್ದಾರಲ್ಲ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆಕಿಚ್ಚೂ ಆಯಿತು.

ಮೂರನೆಯ ದಿನ ಬರಗಾಲದ ಚಿತ್ರಗಳ ರಾಶಿಯಲ್ಲಿ ಅವಳು ಸಿಕ್ಕಿದಳು. ಆ ಮೆಟ್ಟಿಲು, ಆ ಜಡೆ, ಬಿಸಿಲಿಗೆ ಕಿರಿದಾದ ಕಣ್ಣು. ಆದರೆ ಚಿತ್ರ ನಮ್ಮ ಗೋಡೆಯಲ್ಲಿದ್ದಷ್ಟೇ ಇರಲಿಲ್ಲ. ಪತ್ರಿಕೆಯವರು ಕತ್ತರಿಸಿ ಒಬ್ಬಳನ್ನೇ ಹಾಕಿದ್ದರು. ಪೂರ್ತಿ ಚಿತ್ರದಲ್ಲಿ ಬಾಗಿಲಿಗೆ ಒರಗಿ ಒಬ್ಬ ಹೆಂಗಸು ನಿಂತಿದ್ದಳು. ಮೂಳೆ ಎದ್ದ ಮುಖ, ಸೊಂಟದಲ್ಲಿ ಒಂದು ಕೂಸು, ಕಾಲ ಬಳಿ ಎರಡು. ಅವಳು ಕ್ಯಾಮರಾ ನೋಡುತ್ತಿರಲಿಲ್ಲ, ಮೆಟ್ಟಿಲ ಮೇಲಿನ ಮಗಳನ್ನು ನೋಡುತ್ತಿದ್ದಳು. ಕೆಳಗೆ ಗೇಣಿದಾರನ ಹೆಂಡತಿ ಮಕ್ಕಳು ಎಂಬರ್ಥದ ಒಂದು ಸಾಲಿತ್ತು. ಹೆಸರು ಯಾರದ್ದೂ ಇರಲಿಲ್ಲ.

ಮೊದಲಿನ ಹಾಗೆ ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಸಿಕ್ಕಿತೆಂಬ ಹಿಗ್ಗು. ಊಟವಾದ ಮೇಲೆ ಲ್ಯಾಪ್‌ಟಾಪನ್ನು ಅಮ್ಮನ ಮುಂದೆ ಸ್ಟೂಲಿನ ಮೇಲಿಟ್ಟೆ.

ಅಮ್ಮ ಹುಡುಗಿಯನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿದಳು. ಅದು ಯಾರೆಂದಳು. ಆ ಹುಡುಗಿಯ ಅಮ್ಮ ಎಂದೆ. ಅಮ್ಮ ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. ಹೊರಗೆ ಬಣ್ಣದವರು ಏಣಿ ಎಳೆದು ಇನ್ನೊಂದು ಗೋಡೆಗೆ ಇಡುತ್ತಿದ್ದರು.

"ಇದು ನಮ್ಮ ಕೂಸಲ್ಲ ಹೇಳಿ ನಂಗೆ ಯಾವತ್ತೂ ಗೊತ್ತಿದ್ದು" ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ಮೊದಲು ಇದ್ನ ನೋಡಿರೆ ಅದು ನೆನಪಾಗ್ತಿತ್ತು. ಈಗ ಅದ್ನ ನೆನೆಸಿರೆ ಇದು ಕಣ್ಮುಂದೆ ಬತ್ತು. ಅದು ಬತ್ತಿಲ್ಲೆ."

ಅಮ್ಮನ ಬಾಯಲ್ಲಿ ಅಕ್ಕ ಅದು, ಫೋಟೋದವಳು ಇದು ಎಂದು ಬೇರೆ ಬೇರೆ ಆದದ್ದನ್ನು ನಾನು ಕೇಳಿದ್ದು ಅವತ್ತೇ. ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನೀನು ಅದರ ಪಕ್ಕದಲ್ಲೇ ಮಲಗ್ತಿದ್ದೆ" ಎಂದಳು. "ನಿಂಗೆ ನೆನಪಿದ್ದಾ, ಅದರ ಮುಖ?"

ನೆನಪಿದೆ ಎಂದೆ. ತೊಂಬತ್ತು ದಾಟಿದ ತಾಯಿಗೆ ಬೇರೆ ಏನು ಹೇಳುವುದು.

"ಹೆಂಗಿತ್ತು, ಹೇಳು."

ನಾನು ಶುರು ಮಾಡಿದೆ. ಹಣೆ ಅಗಲ ಇತ್ತು, ಎಡಗಣ್ಣು ಬಿಸಿಲಿಗೆ ಸ್ವಲ್ಪ ಹೆಚ್ಚು ಕಿರಿದಾಗುತ್ತಿತ್ತು, ಮೇಲಿನ ತುಟಿ ತೆಳ್ಳಗೆ, ಗದ್ದದ ಹತ್ತಿರ ಸಣ್ಣದೊಂದು ತಗ್ಗು. ಸರಾಗವಾಗಿ ಬರುತ್ತಿತ್ತು. ತರಗತಿಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳುತ್ತ ಹೋದೆ. ಅಮ್ಮ ನನ್ನ ಕಣ್ಣು ಎಲ್ಲಿದೆ ಎಂದು ನೋಡುತ್ತಿದ್ದಳು.

"ಇದ್ನ ನೋಡ್ಕ್ಯಂಡು ಹೇಳದು ಬ್ಯಾಡ" ಎಂದಳು.

ಲ್ಯಾಪ್‌ಟಾಪು ಮುಚ್ಚಿದೆ. ಅಮ್ಮ ಮೊಣಕಾಲಿನ ನೋವಿನಲ್ಲೂ ಪೂರ್ತಿ ನನ್ನ ಕಡೆ ತಿರುಗಿ ಕೂತು ಕಾದಳು. ಹಣೆ ಎಂದೆ. ಹಣೆಯಿಂದ ಕೆಳಗೆ ನನಗೆ ಏನೂ ಬರಲಿಲ್ಲ.